ಹದಿನೇಳನೆಯ ಅಧ್ಯಾಯದ ಕುಂಟ

ಪ್ರತಿ ಬೇಸಗೆ ಒಬ್ಬಿಬ್ಬರು ಬರುತ್ತಾರೆ,
ಇಂಗ್ಲಿಷರು, ಕಂಕುಳಲ್ಲಿ ಅದೇ ಪುಸ್ತಕ:
ನೂರು ವರ್ಷ ದಾಟಿದ ಗೂಢಚಾರರ ಕಥೆ,
ಹೊಲಿಗೆ ಬಿಟ್ಟು ನೇತಾಡುವ ನಕ್ಷೆ.
'ಈ ಮರಳುದಿಣ್ಣೆ ಎಲ್ಲಿ?' ಎಂದು ಬೆರಳಿಡುತ್ತಾರೆ.

ಇಳಿತದ ಹೊತ್ತಲ್ಲಿ ಕೆಸರು ಹಾಯಿಸಿ
ಜನರನ್ನು ದ್ವೀಪಕ್ಕೆ ನಡೆಸುವುದು ನನ್ನ ಕಸುಬು.
'ಅದು ಹೊರಟುಹೋಯಿತಲ್ಲ' ಎನ್ನುತ್ತೇನೆ,
'ಫ್ರಿಸಿಯಾದ ಮರಳು ಬಾಡಿಗೆಯವರ ಹಾಗೆ,
ಹೇಳದೆ ಕೇಳದೆ ಖಾಲಿ ಮಾಡುತ್ತದೆ.'

ಆ ಪುಸ್ತಕದಲ್ಲಿ ನಾವು ಶತ್ರುಗಳು.
ಹದಿನೇಳನೆಯ ಅಧ್ಯಾಯದಲ್ಲೊಬ್ಬ ದೀಪದವನು, ಕುಂಟ,
ಹೆಸರಿಲ್ಲ. ಎರಡು ಪುಟ ಅನುಮಾನ ಹೊತ್ತು ನಿಂತು
ಮೂರನೆಯದರಲ್ಲಿ ಮಂಜಿಗೆ ಸೇರುತ್ತಾನೆ.
ನನ್ನ ಮುತ್ತಜ್ಜ ಓನೊ ಕುಂಟುತ್ತಿದ್ದ.
ದೀಪವನ್ನೂ ಹಚ್ಚುತ್ತಿದ್ದ.
ಅವನಿಗಿದ್ದ ಗುಟ್ಟು ಒಂದೇ:
ಎಣ್ಣೆಡಬ್ಬದ ಹಿಂದೆ, ಹೆಂಡತಿಗೆ ಕಾಣದ ಜಿನ್ ಸೀಸೆ.

ಕಳೆದ ಚಳಿಗಾಲ ಮೊಣಕಾಲು ಊದಿ ಕೂತಿದ್ದಾಗ
ಯಾರೋ ಮರೆತುಹೋದ ಪ್ರತಿಯನ್ನು
ಸಿಟ್ಟಿನಿಂದಲೇ ತೆರೆದೆ.
ಚಹಾ ಆರಿತು, ಕಲ್ಲುಸಕ್ಕರೆ ತಳದಲ್ಲೇ ಕೂತಿತು.
ಒಂದು ಪುಟ್ಟ ದೋಣಿ, ಇಬ್ಬರು,
ಮೂಗಿನ ತುದಿ ಕಾಣದ ಮಂಜು.
ಹುಟ್ಟಿನ ಏಟು ಎಣಿಸುತ್ತಾರೆ,
ನಿಂತು, ಕಿವಿಗೊಟ್ಟು, ಮತ್ತೆ ಎಣಿಸುತ್ತಾರೆ.
ಬರೆದವನು ಇಲ್ಲಿ ತೊಯ್ದಿದ್ದಾನೆ, ಅಷ್ಟು ಖಾತ್ರಿ.
ಉಬ್ಬರ ಬರುವ ಮೊದಲಿನ ಆ ಸಣ್ಣ ಗುಳುಗುಳು
ದಡದಲ್ಲಿ ಕೂತವನಿಗೆ ಕೇಳಿಸುವುದಿಲ್ಲ.

ರಾತ್ರಿ ಎರಡು ಗಂಟೆಗೆ, ಹಾಳಾದವರು,
ನಾನು ಅವರ ಪರ!
'ಎಡಕ್ಕೆ ತಿರುಗಿರೋ, ಆಳ ಅಲ್ಲಿದೆ'
ಎಂದು ಪುಟಕ್ಕೆ ಹೇಳುತ್ತಿದ್ದೆ.
ಮುತ್ತಜ್ಜನ ದೀಪ ಆ ಮುಖಗಳ ಮೇಲೆ
ಬೀಳದಿರಲಿ ಎಂದು ಬೇಡಿಕೊಂಡೆ.

ಈಗ ಗುಟ್ಟು ಆಕಾಶದಿಂದಲೇ ಕಾಣುತ್ತದೆ,
ಯಾರ ಕಾಲುಚೀಲವೂ ಒದ್ದೆಯಾಗಬೇಕಿಲ್ಲ.
ನಾನೆಲ್ಲಿದ್ದೇನೆಂದು ನನ್ನ ಫೋನಿಗೆ ಗೊತ್ತು,
ಅದು ಯಾರಿಗೆಲ್ಲ ಹೇಳುತ್ತದೋ.

ಈ ಆಗಸ್ಟಿನಲ್ಲಿ ಹ್ಯಾದರ್‌ಸೇಜ್ ಎಂಬವನು ಬಂದ,
ಕೆಲಸ ಬಿಟ್ಟ ಹಲ್ಲಿನ ಡಾಕ್ಟರು.
ಅರ್ಧ ದಾರಿಯಲ್ಲಿ ಮಂಜು ಕವಿಯಿತು,
ಫೋನು ಕಲ್ಲಾಯಿತು.
ಅವನು ಕಣ್ಣು ಮುಚ್ಚಿ
ಹೆಜ್ಜೆ ಎಣಿಸತೊಡಗಿದ. ಇನ್ನೂರ ಹನ್ನೊಂದಕ್ಕೆ ನಿಂತು
'ದಾರಿ ತಪ್ಪಿದೆವಾ?' ಎಂದ.
ದನಿಯಲ್ಲಿ ಹೆದರಿಕೆಯಿರಲಿಲ್ಲ. ಆಸೆಯಿತ್ತು.

ಗುರುತಿನ ಗಳು ಮೂವತ್ತು ಮಾರು ಮುಂದಿತ್ತು.
ನಾನು ಹೇಳಲಿಲ್ಲ.
ಊದಿದ ಕಾಲೆಳೆಯುತ್ತ ಅವನ ಹತ್ತಿರ ಹೋಗಿ
ಟಾರ್ಚನ್ನು ಎತ್ತಿ ಹಿಡಿದೆ.
ಅವನು ಮೊದಲು ನನ್ನ ಕಾಲನ್ನು ನೋಡಿದ,
ಆಮೇಲೆ ಬೆಳಕನ್ನು,
ಆಮೇಲೆ ನನ್ನನ್ನು,
ಸುಮಾರು ಎರಡು ಪುಟದಷ್ಟು ಹೊತ್ತು.