ನೋವಿಲ್ಲದ ಕಾಲು

ಹಾಸನದ ಫಿಜಿಯೋಥೆರಪಿ ಕಾಲೇಜಿಗೆ
ನೋವಿಲ್ಲದ ಕಾಲುಗಳು ಬೇಕಂತೆ.
ಡ್ಯೂಟಿ ಮುಗಿಸಿ, ಟಿಕೆಟ್ ಚೀಲ ಬಿಚ್ಚಿಟ್ಟು ಹೋದೆ.

ಮೊದಲು ಬರಿಗಾಲು. ಆಮೇಲೆ
ಫೈನಲ್ ಇಯರಿನ ಮುನೀರಾ
ಹಿಮ್ಮಡಿಗೊಂದು ಸುತ್ತು, ಹರಡಿಗೆರಡು ಸುತ್ತು
ನೀಲಿ ಟೇಪು ಬಿಗಿದಳು.
"ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿ ಮೇಡಂ."

ನೆಲ ಅಲುಗಲಿಲ್ಲ.
ಅದೇ ಕಷ್ಟ.
ಶಾಂತಿಗ್ರಾಮದ ಹಂಪಿನಲ್ಲಿ ಕಂಬಿ ಹಿಡಿಯದೆ
ಹನ್ನೊಂದು ವರ್ಷ ಚಿಲ್ಲರೆ ಎಣಿಸಿದವಳ ಪಾದ
ಬೆರಳು ಮಡಚಿ
ಬಸ್ಸು ಹುಡುಕಿತು.

ಟೇಪಿಲ್ಲದೆ ಇಪ್ಪತ್ತೈದು ಸೆಕೆಂಡು,
ಟೇಪಿನೊಂದಿಗೆ ಇಪ್ಪತ್ತಾರು.
ಹುಡುಗಿ ಪೆನ್ನು ಕಚ್ಚಿಕೊಂಡು ಕೂತಳು,
ಒಂದೇ ಒಂದು ಸೆಕೆಂಡನ್ನು
ಏನು ಮಾಡುವುದೆಂದು ತಿಳಿಯದೆ.

"ಬರಕೊಳ್ಳಮ್ಮ," ಅಂದೆ,
"ಖಾಲಿ ಟ್ರಿಪ್ಪಿಗೂ ನಾವು ವೇಬಿಲ್ ಬರೀತೀವಿ."

ನಕ್ಕಳು. ಟೇಪು ಸರ್ರನೆ ಎಳೆದಳು.
ನಾಲ್ಕು ಕೂದಲೂ ಬಂದವು.
ಆವತ್ತಿನ ನೋವು ಅಷ್ಟೇ.