ಸಾಕಾ

ಮಾದರಿ ಎಳೆ ಕೈಗೆ ಕೊಟ್ಟರೆ
ಒಂದೇ ಸಲ ನೋಡಿ ವಾಪಸ್ಸು ಕೊಡುತ್ತಿದ್ದೆ.
ಹಂಡೆಯ ಪಕ್ಕ ಮೊಳೆಗೆ ಅದನ್ನು ಕಟ್ಟಿಕೊಂಡು
ಹತ್ತು ಸಲ ಕತ್ತು ತಿರುಗಿಸುವುದು
ಕಬ್ಬನ್‌ಪೇಟೆಯ ಬೇರೆ ಮನೆಗಳ ಪದ್ಧತಿ,
ನಮ್ಮಪ್ಪನದಲ್ಲ.
ಕೇಳಿಕೊಂಡು ಹಾಕಿದ ಬಣ್ಣ
ಕೇಳಿದವನಿಗೇ ಅಂಟುತ್ತೆ, ರೇಷ್ಮೆಗಲ್ಲ
ಅನ್ನುತ್ತಿದ್ದ, ಮೊಣಕೈವರೆಗೂ ಕೆಂಪಾಗಿ.

ನಾಲ್ಕನೆಯದೂ ಹೆಣ್ಣೇ ಆಯಿತೆಂದು
ನನಗೆ ಸಾಕಮ್ಮ ಅಂತ ಹೆಸರಿಟ್ಟವನೂ ಅವನೇ.
ಆಮೇಲೆ ಗಂಡು ಹುಟ್ಟಲಿಲ್ಲ, ಹಂಡೆ ಆರಲಿಲ್ಲ,
ಕಟ್ಟಿಗೆ ನನ್ನ ಕೈಗೆ ಬಂತು.
ಗಿಳಿಹಸಿರು, ಈರುಳ್ಳಿ ಸಿಪ್ಪೆ, ಕಡ್ಲೆಬೇಳೆ,
ಹಣ್ಣಾದ ನೇರಳೆ, ಹಣ್ಣಾಗಲು ಎರಡು ದಿನ ಇರುವ ನೇರಳೆ,
ಎಲ್ಲ ತಲೆಯೊಳಗೇ ಇದ್ದವು
ಸಂಜೆ ತಾವಾಗಿ ಗೂಡಿಗೆ ಬರುವ ಪಾರಿವಾಳದಂತೆ.

ಈ ಆಷಾಢದಲ್ಲಿ ಚಿಕ್ಕಪೇಟೆಯ ಭಬೂತ್‌ಮಲ್ ಸೇಠು
ಇಪ್ಪತ್ತು ಲಡಿ ವಾಪಸ್ಸು ಕಳಿಸಿದ.
ನಾನು ಕೇಳಿದ್ದು ಆಕಾಶ, ಸಾಕಮ್ಮ,
ನೀವು ಕೊಟ್ಟಿದ್ದು ಶಾಯಿ.
ಅಂಗಡಿಗೇ ಹೋದೆ. ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ ಅಂತ
ಜಗಳವಾಡಿ ಲಡಿಯನ್ನು ಬೀದಿಗೆ ತಂದೆ,
ಕೈಗಾಡಿಗಳ ನಡುವೆ ನಿಂತು ಮಾದರಿಯ ಪಕ್ಕ ಹಿಡಿದೆ.
ಬಿಸಿಲೂ ಅವನ ಕಡೆ ಸೇರಿತು.

ಎರಡೂ ಕಣ್ಣಿಗೆ ಪೊರೆ, ಹಳದಿ ಪೊರೆ,
ಎಷ್ಟು ವರ್ಷದಿಂದ ಅಂದಳು ಮಿಂಟೋ ಆಸ್ಪತ್ರೆಯ ಡಾಕ್ಟರಮ್ಮ.
ಅರಿಶಿನದ ಗಾಜಿನ ಹಿಂದೆ ಕೂತವಳಿಗೆ
ಗಾಜು ಕಾಣುತ್ತದೆಯೇ?
ನೀಲಿ ಸಾಲದು ಸಾಲದು ಅಂತ
ಚಮಚದ ಮೇಲೆ ಚಮಚ ಸುರಿದದ್ದೆಲ್ಲ
ನನ್ನ ಕಣ್ಣಿಗೆ, ಹಂಡೆಗಲ್ಲ.

ಆಪರೇಷನ್ನಿಗೆ ಇನ್ನೂ ಇಪ್ಪತ್ತು ದಿನ, ಶ್ರಾವಣದ ಆರ್ಡರು ತಲೆಯ ಮೇಲೆ.
ಮುನೀರ ನನ್ನ ಹತ್ತಿರ ಸೇರಿ ಮೂರು ವರ್ಷ.
ಎತ್ತು, ತಿರುಗಿಸು, ಹಿಂಡು
ಅಂದದ್ದು ಬಿಟ್ಟರೆ ಅವನ ಹತ್ತಿರ ಮಾತಿಲ್ಲ ನನಗೆ.
ಅವತ್ತು ಹಬೆಗೆ ಮುಖ ಮರೆಮಾಡಿಕೊಂಡು ಕೇಳಿದೆ:
ಸಾಕಾ?
ಹುಡುಗ ಹಿಂದೆ ತಿರುಗಿ ನೋಡಿದ,
ನಾನು ಕೇಳಿದ್ದು ಯಾರನ್ನು ಅಂತ.
ಆಗ್ಲೇ ಸಾಕಾಗಿದೆ ಅಮ್ಮ. ನೀವು ಕೇಳ್ಲಿಲ್ಲ.

ನನ್ನ ಕಣ್ಣಿಗೆ ಅದಿನ್ನೂ ಅರೆಬೆಂದ ನೀಲಿ.
ಕೈ ತಾನಾಗಿ ಡಬ್ಬಿಯ ಕಡೆ ಹೋಗಿತ್ತು.
ಎತ್ತು ಅಂದೆ.
ಹಸಿ ಕೂಸನ್ನು ಅಪರಿಚಿತರ ಮಡಿಲಿಗೆ ಹಾಕಿದ ಹಾಗಾಯಿತು.
ಸೇಠು ಏನೂ ಹೇಳದೆ ದುಡ್ಡು ಕಳಿಸಿದ.
ಖುಷಿಯಾಯಿತು ಅಂದರೆ ಸುಳ್ಳು.

ಈಗ ಬಲಗಣ್ಣು ಮುಗಿದಿದೆ, ಎಡಗಣ್ಣಿಗೆ ಮುಂದಿನ ತಿಂಗಳು.
ಮಹಡಿಯ ಮೇಲೆ ಲಡಿ ಒಣಗುವಾಗ
ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ.
ಬಲಗಣ್ಣಿನದು ಚುಚ್ಚುವಂಥ, ಹೊಸ ಸ್ಟೀಲಿನಂಥ ಆಕಾಶ.
ಎಡಗಣ್ಣಿನದು ಹಳೇ ಪಂಚಾಂಗದ ಹಾಳೆ,
ನನಗೆ ಗುರುತಿದ್ದದ್ದು ಅದೇ,
ಪ್ರೀತಿಯೂ ಅದರ ಮೇಲೇ.

ಅದೇ ಬಲಗಣ್ಣು ನೆನ್ನೆ ಒಂದು ಲಡಿಯ ತುದಿಯಲ್ಲಿ
ಬೆರಳಗಲ ಮಾಸಲು ಹಿಡಿಯಿತು.
ಕಾಣಲಿಲ್ಲವೇನೋ ಅಂದೆ.
ಕಾಣ್ತು. ನೀವು ಬೈತೀರಿ ಅಂತ ಸುಮ್ಮನಿದ್ದೆ.
ಬೈದೆ.
ಬಣ್ಣಕ್ಕಲ್ಲ, ಸುಮ್ಮನಿದ್ದದ್ದಕ್ಕೆ.
ಅದು ಅವನಿಗೆ ತಿಳಿಯಿತೋ ಇಲ್ಲವೋ.
ನಾನೂ ಅಪ್ಪನ ಮುಂದೆ ಎಷ್ಟು ಮಾಸಲು ನುಂಗಿದ್ದೇನೆ,
ಲೆಕ್ಕ ಇಟ್ಟವರಿಲ್ಲ.

ಸಂಜೆ ಗೋಡೆಗೆ ಮೊಳೆ ಹೊಡೆದೆ,
ಅಪ್ಪನ ಫೋಟೋದಿಂದ ಒಂದು ಗೇಣು ಕೆಳಗೆ.
ಮಾದರಿ ಎಳೆ ಕಟ್ಟಿದವನು ಮುನೀರ.
ಗಂಟು ಸಡಿಲ, ಎಳೆ ಸೊಟ್ಟ.
ಬಿಚ್ಚಿ ಕಟ್ಟಲು ಎರಡು ಸಲ ಎದ್ದೆ,
ಎರಡು ಸಲವೂ ಕೂತೆ.