ಹದಿನೈದು ಮೀಟರ್ ಕೆಳಗೆ

ತಲೆಗೆ ಎಣ್ಣೆ ಹಚ್ಚಿಲ್ಲ ತಾನೆ? ಬೀಡಿ, ಕಡ್ಡಿಪೆಟ್ಟಿಗೆ?
ಹತ್ತಿಯ ಅಂಗಿಯೇ ತಾನೆ? ದಿನವೂ ಕೇಳುತ್ತೇನೆ,
ದಾವಲಸಾಬ ನದಾಫ ದಿನವೂ ನಗುತ್ತಾರೆ:
"ನಿನ್ನೆ ಬಿಟ್ಟದ್ದು ಇವತ್ತ ಹಿಡದೇನೇನ, ಮಗಳ?"

ಸಕ್ಕರೆ ತಿಂದ ಎಡಗಾಲ ಹೆಬ್ಬೆರಳು ಬಿಳಿ ಬಟ್ಟೆಯೊಳಗೆ.
ಬಾಗಿಲು ಮುಚ್ಚಿ ಕವಾಟ ತಿರುಗಿಸುತ್ತೇನೆ.
ಉಕ್ಕಿನ ಹೊಟ್ಟೆಯಲ್ಲಿ ಗಾಳಿಯ ಮೈಮೇಲೆ ಗಾಳಿ ಏರುತ್ತದೆ.

ಒತ್ತಡದ ಮುಳ್ಳಿನ ಜೊತೆಗೆ ಇನ್ನೊಂದೂ ಏಳುತ್ತದೆ—
ಇಪ್ಪತ್ತಾರು, ಇಪ್ಪತ್ತೊಂಬತ್ತು, ಮೂವತ್ತೆರಡು.
ಒಳಗೆ ಒಲೆಯಿಲ್ಲ, ಬಿಸಿಲಿಲ್ಲ.
ಮೊದಲ ದಿನ ಎಲ್ಲರೂ ಹೆದರಿ ಗಾಜು ಬಡಿಯುತ್ತಾರೆ.
ಇವರು ಮೈಕಿನಲ್ಲಿ ನನಗೇ ಪಾಠ ಹೇಳಿದರು:
"ಪಂಪ್ ಹೊಡದ್ ನೋಡೀಯೇನ? ಇಪ್ಪತ್ತ ಸಲ ಒತ್ತಿದ್ರ
ಬುಡ ಮುಟ್ಟಾಕ್ ಬರೂದಿಲ್ಲ.
ಒತ್ತಿಸಿಕೊಂಡದ್ದು ಸುಡತೈತಿ. ಅಷ್ಟ."

ನಲವತ್ತು ವರ್ಷ ಪಂಕ್ಚರ್ ತಿದ್ದಿದ ಕೈ.
ನಾನದನ್ನು ಸೂತ್ರವೆಂದು ಓದಿ,
ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ.

ಎರಡೂವರೆ ವಾತಾವರಣ. ನಿಲ್ಲಿಸಿದೆ.
ಬಿಸಿ ಮೆಲ್ಲಗೆ ಗೋಡೆಗೆ ಇಳಿದುಹೋಗುತ್ತದೆ,
ಅದರ ಹಿಂದೆ ಒತ್ತಡವೂ ಒಂದು ಕೂದಲೆಳೆ ಜಾರುತ್ತದೆ.
ಸೋರಿಕೆಯಲ್ಲ; ಹಾಲು ಆರಿದಾಗ ಕೆನೆ ಕುಸಿದಂತೆ.
ಮತ್ತೆ ತುಸು ತುಂಬುತ್ತೇನೆ.

"ಈಗ ಎಷ್ಟ ಆಳದಾಗ ಅದೀನಿ?"
ಹದಿನೈದು ಮೀಟರ್ ನೀರಿನ ಕೆಳಗ ಇದ್ದಂಗ, ಅಂದೆ.
ಆಮೇಲೆ ಬಹಳ ಹೊತ್ತು ಮಾತಿಲ್ಲ.

ನವನಗರದ ಈ ಕಿಟಕಿಯಿಂದ ಹಿನ್ನೀರು ಕಾಣುವುದಿಲ್ಲ.

"ನನ್ನ ಅಂಗಡಿ ಅಷ್ಟ ಕೆಳಗಿಲ್ಲ ಬಿಡು," ಮೈಕು ಕರಕರ ಅಂತು,
"ಭಾಳ ಅಂದ್ರ ಎರಡ ಆಳು. ದಾಟೇ ಬಂದ್ನಿ ಅದನ್ನ,
ಆಗಳೆ, ಕಿವಿ ಟಪ್ ಅಂದಾಗ.
ಬುಟ್ಟ್ಯಾಗ ಟ್ಯೂಬ್ ಮುಳುಗಿಸಿ ಗುಳ್ಳಿ ನೋಡತಿದ್ನಿ.
ಕಡೀಕ ಅಂಗಡೀನ ಮುಳುಗಿತು.
ಗುಳ್ಳಿ ಎಲ್ಲೆಲ್ಲಿ ಎದ್ದೂವೋ, ಯಾರೂ ನೋಡ್ಲಿಲ್ಲ."

ತೊಂಬತ್ತು ನಿಮಿಷ. ಮೇಲೆತ್ತುತ್ತೇನೆ.
ಗಾಳಿ ಹಿಗ್ಗುತ್ತದೆ, ಹಿಗ್ಗಲು ತನ್ನ ಬಿಸಿಯನ್ನೇ ಖರ್ಚು ಮಾಡುತ್ತದೆ;
ಹೊರಗೆ ಮೇ ತಿಂಗಳು, ಡಾಂಬರು ಕಾಲಿಗಂಟುವ ಹೊತ್ತು,
ಒಳಗೆ ಮಂಜು. ಅವರ ಮುಖ ಅಳಿಸಿ,
ಗಡ್ಡವಷ್ಟೇ ಉಳಿದು, ಅದೂ ಅಳಿಸಿ.
"ಚಾದರ ಹೊದಕೋರಿ," ಅಂದೆ.
"ಹೊದ್ದೀನಿ. ವಾಲ್ ಪಿನ್ ಒತ್ತಿದ್ರ ಬೆರಳಿಗೆ ಬರತೈತಲ್ಲ
ಅದ ಥಂಡಿ ಇದು."

ಬಾಗಿಲು ತೆರೆದೆ. ಇಪ್ಪತ್ಮೂರು ಸಲ ಇನ್ನೂ ಬಾಕಿ.
ಕುಂಟುತ್ತ ಬಂದು, ಚಪ್ಪಲಿ ಹುಡುಕುತ್ತ,
ನನ್ನತ್ತ ನೋಡದೆ ಅಂದರು:
"ನಾಳೆ ಸಾವಕಾಶ ಇಳಸವ್ವಾ.
ಎರಡ ಆಳಿನ ಹತ್ರ ಚೂರು ನಿಲ್ಲಸು."